ಎಲೆಚುಕ್ಕೆಯಲ್ಲಿ ಸಿಕ್ಕ ಶಿಲೀಂಧ್ರ ಹೊಸ ಪ್ರಭೇದವೇ ಎಂದು ಹೇಗೆ ತಿಳಿಯುತ್ತಾರೆ?

ಬರೀ ಚುಕ್ಕೆ ನೋಡಿ ಹೇಳಲು ಆಗುವುದಿಲ್ಲ. ಕಂದು ಚುಕ್ಕೆ, ಸುತ್ತ ಹಳದಿ ಬಳೆ: ಇದನ್ನು ಹತ್ತಾರು ಶಿಲೀಂಧ್ರಗಳು ಮಾಡುತ್ತವೆ, ಕೆಲವು ಬ್ಯಾಕ್ಟೀರಿಯಾಗಳೂ ಮಾಡುತ್ತವೆ.

ಚುಕ್ಕೆಯ ಅಂಚಿನಿಂದ, ಅಂದರೆ ಸತ್ತ ಭಾಗ ಹಸಿರನ್ನು ಸೇರುವ ಜಾಗದಿಂದ, ಕೆಲವು ಮಿಲಿಮೀಟರಿನ ತುಂಡು ಕತ್ತರಿಸಿ, ಹೊರಮೈ ಶುದ್ಧಗೊಳಿಸಿ ಅಗಾರ್ ತಟ್ಟೆಯಲ್ಲಿ, ಅಂದರೆ ಶಿಲೀಂಧ್ರ ಬೆಳೆಸುವ ಜೆಲ್ಲಿಯಂಥ ಮಾಧ್ಯಮದ ತಟ್ಟೆಯಲ್ಲಿ, ಇಡುತ್ತಾರೆ. ನಡುಭಾಗ ಬೇಡ, ಅಲ್ಲಿ ಆಗಲೇ ಕೊಳೆತಿನಿಗಳು ಸೇರಿಕೊಂಡಿರುತ್ತವೆ. ಬೆಳೆದದ್ದರಿಂದ ಒಂದೇ ಬೀಜಕ ಆರಿಸಿ ಶುದ್ಧ ಕಲ್ಚರ್ ಮಾಡಬೇಕು.

ಸೂಕ್ಷ್ಮದರ್ಶಕದಲ್ಲಿ ಕುಲ ಬಹುಮಟ್ಟಿಗೆ ತಿಳಿಯುತ್ತದೆ. ಆಲ್ಟರ್ನೇರಿಯಾದ ಬೀಜಕ ಗದೆಯಂತಿದ್ದು ಒಳಗೆ ಅಡ್ಡಗೋಡೆ, ಉದ್ದಗೋಡೆ ಎರಡೂ ಇರುತ್ತವೆ. ಸರ್ಕೋಸ್ಪೋರಾದ್ದು ಸೂಜಿಯಂತೆ ನೀಳ. ಪ್ರಭೇದ ಯಾವುದೆನ್ನಲು ಡಿಎನ್‌ಎ ಬೇಕು, ಜನ ಎಡವುವುದೂ ಇಲ್ಲೇ. ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನು 2012ರಲ್ಲಿ ಶಿಲೀಂಧ್ರಗಳ ಬಾರ್‌ಕೋಡ್ ಆಗಿ, ಅಂದರೆ ಪ್ರಭೇದ ಗುರುತಿಸುವ ಚಹರೆಯಾಗಿ, ಸೂಚಿಸಲಾಯಿತು. ಆದರೆ ಕೊಲೆಟೋಟ್ರೈಕಮ್‌ನಂಥ ಕುಲದಲ್ಲಿ ಹತ್ತಿರದ ಪ್ರಭೇದಗಳ ಐಟಿಎಸ್ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆಕ್ಟಿನ್, ಬೀಟಾ-ಟ್ಯೂಬುಲಿನ್‌ನಂಥ ಹಲವು ಜೀನ್‌ಗಳನ್ನು ಓದಿ ವಂಶವೃಕ್ಷ ಕಟ್ಟುತ್ತಾರೆ. ಬೇರೆ ಬೇರೆ ಜೀನ್‌ಗಳಲ್ಲೂ ಅದೇ ಪ್ರತ್ಯೇಕ ಕವಲು ಕಂಡರೆ ಹೊಸದೆನ್ನಲು ಬಲ ಬರುತ್ತದೆ. ಡಿಎನ್‌ಎ ಡೇಟಾಬೇಸ್‌ನಲ್ಲಿ ಗೊತ್ತಿರುವ ಪ್ರಭೇದದೊಂದಿಗೆ 'ಶೇ. 97 ಹೋಲಿಕೆ' ಮಾತ್ರ ಬಂದಿತೆಂದು ಹೊಸದೆಂದು ಘೋಷಿಸುವುದು ದುಡುಕು. ಹಳೆಯ ಪ್ರಭೇದದ ಅನುಕ್ರಮವನ್ನು ಇನ್ನೂ ಯಾರೂ ಸೇರಿಸಿರದೆಯೂ ಇರಬಹುದು.

ಹೊಸದಾದ ಮಾತ್ರಕ್ಕೆ ಅದೇ ರೋಗಕಾರಕ ಎಂದಲ್ಲ. ಆರೋಗ್ಯವಂತ ಗಿಡಕ್ಕೆ ಬೀಜಕ ಸಿಂಪಡಿಸಿ, ಅದೇ ಚುಕ್ಕೆ ಮೂಡಿ, ಅದರಿಂದ ಅದೇ ಶಿಲೀಂಧ್ರ ಮರಳಿ ಸಿಗಬೇಕು. ಪಕ್ಕದಲ್ಲಿ ಬರೀ ನೀರು ಸಿಂಪಡಿಸಿದ ಗಿಡ ಇರಲೇಬೇಕು.

ಹೆಸರಿಡುವಾಗ ಮಾದರಿಯನ್ನು ಸಂಗ್ರಹಾಲಯದಲ್ಲಿಟ್ಟು, ಶಿಲೀಂಧ್ರ ಹೆಸರುಗಳನ್ನು ದಾಖಲಿಸುವ ಮೈಕೋಬ್ಯಾಂಕ್‌ನಂಥ ಕಡೆ ನೋಂದಣಿ ಸಂಖ್ಯೆ ಪಡೆಯಬೇಕು. 2013ರಿಂದ ಈ ನೋಂದಣಿ ಕಡ್ಡಾಯ.