ಹಿಮ್ಮಡಿ ಹಿಂದಿನ ಗಂಟಿಗೆ ಆಪರೇಷನ್: ಎಷ್ಟು ದಿನ ರಜೆ ಹಾಕಬೇಕು?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 41 ವರ್ಷ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಇಡೀ ಶಿಫ್ಟ್ ಸೇಫ್ಟಿ ಶೂ ಹಾಕಿಕೊಂಡು ನಿಂತೇ ಇರಬೇಕು. ಬಲಗಾಲಿನ ಹಿಮ್ಮಡಿ ಹಿಂದೆ ಗಟ್ಟಿ ಗಂಟು ಬಂದಿದೆ, ಶೂ ತಾಗಿದರೆ ಜೀವ ಹೋದ ಹಾಗಾಗುತ್ತದೆ. ವರ್ಷದಿಂದ ಮಾತ್ರೆ, ಫಿಸಿಯೋಥೆರಪಿ ಎಲ್ಲ ಆಯಿತು. ಈಗ ಮೂಳೆ ಡಾಕ್ಟರು ಆಪರೇಷನ್ ಮಾಡಿಸಿ ಅಂತಾರೆ. ಇಂಜೆಕ್ಷನ್ ಹಾಕಿಸಿದರೆ ಕರಗುತ್ತದೆ ಅಂತ ಭಾವಮೈದ ಹೇಳುತ್ತಾನೆ. ಮನೆ ವಿಜಯನಗರದಲ್ಲಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಓಡಾಟಕ್ಕೆ ಬೈಕು. ಎಷ್ಟು ದಿನ ರಜೆ ಬೇಕಾಗುತ್ತದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆಪರೇಷನ್ ತಾರೀಖು ಗೊತ್ತು ಮಾಡುವ ಮುಂಚೆ ನಿಮ್ಮ ಡಾಕ್ಟರನ್ನು ಇದೊಂದು ಕೇಳಿ: ಮೂಳೆ ಮಾತ್ರ ಕೆತ್ತಿ ತೆಗೆಯುತ್ತೀರೋ, ಇಲ್ಲ ಅದಕ್ಕೆ ಅಂಟಿರುವ ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರು) ಬಿಡಿಸಿ ಮತ್ತೆ ಕೂರಿಸುತ್ತೀರೋ? ನಿಮ್ಮ ರಜೆ, ಮೆಟ್ಟಿಲು, ಬೈಕು ಎಲ್ಲಕ್ಕೂ ಲೆಕ್ಕ ಸಿಗುವುದು ಇದರಿಂದಲೇ.

ಹಿಮ್ಮಡಿ ಮೂಳೆಯ ಹಿಂಭಾಗ, ಮೇಲ್ಗಡೆ ಉಬ್ಬಿಕೊಂಡಿರುತ್ತದೆ. ಮೀನಖಂಡದಿಂದ ಇಳಿದು ಬರುವ ಅಕಿಲಿಸ್ ಟೆಂಡನ್ ಮೂಳೆಗೆ ಅಂಟುವುದೂ ಅಲ್ಲೇ, ಎರಡರ ನಡುವೆ ನೀರಿನ ಪುಟ್ಟ ಚೀಲ ಇರುತ್ತದೆ. ಗಟ್ಟಿ ಶೂ ಉಜ್ಜಿ ಉಜ್ಜಿ ಆ ಚೀಲ ಊದಿಕೊಳ್ಳುತ್ತದೆ, ಟೆಂಡನ್ ಕೂಡ ಹಾಳಾಗುತ್ತಾ ಬರುತ್ತದೆ. ಸ್ವೀಡನ್ನಿನ ಪ್ಯಾಟ್ರಿಕ್ ಹ್ಯಾಗ್ಲಂಡ್ ಅನ್ನುವ ಡಾಕ್ಟರು 1928ರಲ್ಲಿ ಇದರ ಬಗ್ಗೆ ಬರೆದಿದ್ದರು, ಹಾಗಾಗಿ ರಿಪೋರ್ಟಿನಲ್ಲಿ ಅವರ ಹೆಸರು ಕಾಣಬಹುದು. ಅಂಗಾಲಿನ ಕಡೆ ನೋಯುವ ಹೀಲ್ ಸ್ಪರ್ ಬೇರೆ, ಇದು ಬೇರೆ.

ಇಂಜೆಕ್ಷನ್ನಿಂದ ಮೂಳೆ ಕರಗುವುದಿಲ್ಲ. ಸ್ಟೀರಾಯ್ಡ್ ಊತ ಇಳಿಸಬಹುದು, ಆದರೆ ಟೆಂಡನ್ ಒಳಗೆ ಹೋದರೆ ಅದು ಸವೆದು ಹರಿದೇ ಹೋಗಬಹುದು. ಭಾವಮೈದನ ಮಾತು ಕೇಳಿ ಸುಮ್ನೆ ಎಲ್ಲೋ ಹಾಕಿಸಿಕೊಳ್ಳಬೇಡಿ.

ಮಾತ್ರೆ ತಿಂದೆ ಅಂದಿರಿ, ಶೂ ಬದಲಾಯಿಸಿದ ಸಂಗತಿ ಬರೆದಿಲ್ಲ. ದಿನವಿಡೀ ಅದೇ ಶೂ ಅದೇ ಜಾಗಕ್ಕೆ ಉಜ್ಜುತ್ತಿದ್ದರೆ ಯಾವ ಮಾತ್ರೆ ತಾನೇ ಏನು ಮಾಡೀತು? ಹಿಂಭಾಗಕ್ಕೆ ಮೆತ್ತನೆ ಪ್ಯಾಡ್ ಇರುವ ಸೇಫ್ಟಿ ಶೂ, ಒಳಗೆ ಹಿಮ್ಮಡಿ ಸ್ವಲ್ಪ ಎತ್ತುವ ಹೀಲ್ ಪ್ಯಾಡ್, ಇಷ್ಟನ್ನಾದರೂ ಮೊದಲು ನೋಡಿ. ಮೀನಖಂಡದ ವ್ಯಾಯಾಮವನ್ನು ಸಮ ನೆಲದ ಮೇಲೆ ಮಾಡಿ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಕೆಳಗೆ ಇಳಿಸಿದರೆ ಟೆಂಡನ್ ಗಂಟಿಗೆ ಒತ್ತಿ ನೋವು ಜಾಸ್ತಿಯಾಗುತ್ತದೆ. ಮೂರರಿಂದ ಆರು ತಿಂಗಳು ಇದನ್ನೆಲ್ಲ ಸರಿಯಾಗಿ ಮಾಡಿಯೂ ಬಗ್ಗದಿದ್ದರೆ ಆಪರೇಷನ್ ಮಾಡಿಸುವುದು ತಪ್ಪಲ್ಲ. ಬೆಳಿಗ್ಗೆ ಎದ್ದಾಗ ಸೊಂಟವೂ ಬಹಳ ಹೊತ್ತು ಬಿಗಿದಿರುತ್ತದೆ ಅಂದರೆ ಮಾತ್ರ ಮೊದಲು ಸಂಧಿವಾತದ ಡಾಕ್ಟರಿಗೆ ತೋರಿಸಿ.

ಈಗ ರಜೆ. ಮೂಳೆ ಮಾತ್ರ ತೆಗೆದರೆ ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ, ಪಾದ ಅಲುಗಾಡದಂತೆ ಹಿಡಿಯುವ ಆಸ್ಪತ್ರೆಯ ಬೂಟ್ ಹಾಕಿಕೊಂಡು ಬೇಗನೇ ಕಾಲೂರಬಹುದು, ನಾಲ್ಕರಿಂದ ಆರು ವಾರಕ್ಕೆ ಮೆತ್ತನೆ ಶೂ ಹಿಡಿಸುತ್ತದೆ. ಟೆಂಡನ್ ಬಿಡಿಸಿ ಆಂಕರ್ (ಮೂಳೆಯೊಳಗೆ ಕೂರಿಸುವ ಪುಟ್ಟ ಮೊಳೆಯಂಥದ್ದು) ಹಾಕಿ ಕೂರಿಸಿದರೆ ಮೊದಲ ಕೆಲವು ವಾರ ಆ ಕಾಲು ನೆಲಕ್ಕೆ ತಾಗಿಸುವಂತಿಲ್ಲ. ಆಮೇಲೆ ಹಿಮ್ಮಡಿ ಕೆಳಗೆ ತುಂಡುಗಳಿಟ್ಟ ಬೂಟ್, ಒಂದೊಂದೇ ತುಂಡು ತೆಗೆಯುತ್ತಾ ಎರಡು ತಿಂಗಳ ಹತ್ತಿರ. ನಿಂತು ಮಾಡುವ ನಿಮ್ಮಂಥ ಕೆಲಸಕ್ಕೆ ಮೂರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ ಹೊತ್ತಿನ ಊತ ಆರು ತಿಂಗಳವರೆಗೂ ಕಾಡಬಹುದು, ಕಾಲಿಗೆ ಪೂರ್ತಿ ಬಲ ಬರಲು ವರ್ಷವೂ ಹಿಡಿಯಬಹುದು.

ಎರಡನೇ ಮಹಡಿ ಮಾತ್ರ ಯೋಚನೆಯ ವಿಷಯ. ಮೊದಲ ಕೆಲವು ವಾರ ನೆಲಮಹಡಿಯಲ್ಲಿರುವ ನೆಂಟರ ಮನೆ ಸಿಕ್ಕರೆ ಅಲ್ಲೇ ಇರಿ. ಸಿಗದಿದ್ದರೆ ಮೆಟ್ಟಿಲ ಮೇಲೆ ಕೂತು ಕೂತೇ ಹತ್ತಿ ಇಳಿಯಬೇಕಾಗುತ್ತದೆ, ಅದನ್ನು ಆಪರೇಷನ್ನಿಗೆ ಮುಂಚೆಯೇ ಅಭ್ಯಾಸ ಮಾಡಿಕೊಳ್ಳಿ. ಇಂಡಿಯನ್ ಟಾಯ್ಲೆಟ್ ಆದರೆ ಕಮೋಡ್ ಕುರ್ಚಿ ತಂದಿಡಿ. ಬೈಕಿನ ಹಿಂದಿನ ಬ್ರೇಕ್ ಒತ್ತುವುದು ಬಲಗಾಲೇ ಅಲ್ವಾ? ಬೂಟ್ ಬಿಟ್ಟು, ಗಬಕ್ಕನೆ ಜೋರಾಗಿ ಒತ್ತುವ ಶಕ್ತಿ ಬರುವ ತನಕ ಬೈಕ್ ಮುಟ್ಟಬೇಡಿ.

ಅಲ್ಲಿಯ ಚರ್ಮ ತೆಳು, ಗಾಯ ಮಾಯುವುದು ನಿಧಾನ. ಬೀಡಿ ಸಿಗರೇಟು ಇದ್ದರೆ ಈಗಲೇ ಬಿಡಿ, ಶುಗರ್ ಇದ್ದರೆ ಹತೋಟಿಗೆ ತನ್ನಿ. ಮಲಗುವಾಗ ದಿಂಬನ್ನು ಮೀನಖಂಡದ ಕೆಳಗಿಡಿ, ಹಿಮ್ಮಡಿ ಯಾವುದಕ್ಕೂ ತಾಗದಿರಲಿ. ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಿ.

ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ, ನಿಮ್ಮ ವಂತಿಗೆ ಸರಿಯಾಗಿ ಕಟ್ಟಿದ್ದಲ್ಲಿ, ಕಾಯಿಲೆ ರಜೆಗೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ರಜೆಗೆ ಡಾಕ್ಟರ ಸರ್ಟಿಫಿಕೇಟ್ ತಪ್ಪಿಸಬೇಡಿ. ಕೆಲಸಕ್ಕೆ ವಾಪಸ್ ಹೋಗುವಾಗ, ಮೊದಲ ಕೆಲವು ವಾರ ಕೂತು ಮಾಡುವ ಕೆಲಸ ಕೊಡಿ ಅಂತ ಡಾಕ್ಟರಿಂದಲೇ ಚೀಟಿ ಬರೆಸಿಕೊಂಡು ಹೋಗಿ.