ತಾಯಿ–ಮಗ ಇಬ್ಬರ ವರದಿಯಲ್ಲೂ ಆರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಂಶವಾಹಿ ಕಾಯಿಲೆಯ ಬಗ್ಗೆ ಸಲಹೆ ಕೇಳಲು ತಾಯಿ–ಮಗ ನನ್ನ ಬಳಿ ಬಂದಿದ್ದರು. ಮಗನಿಗೆ 24 ವರ್ಷ, ಕಿರಾಣಿ ಅಂಗಡಿಯಲ್ಲಿ ಕೆಲಸ. ಮೇಲಿನ ಸಾಲಿನ ಡಬ್ಬಿ ಇಳಿಸಬೇಕೆಂದರೆ ಎಡಗೈಯಿಂದ ಬಲಗೈಯನ್ನು ತಳ್ಳಿ ಎತ್ತಬೇಕಿತ್ತು. ಸ್ಟ್ರಾ ಹಾಕಿ ಎಳನೀರು ಹೀರಲು ಆಗುತ್ತಿರಲಿಲ್ಲ. ನರರೋಗ ತಜ್ಞರು ಎಫ್‌ಎಸ್‌ಎಚ್‌ಡಿ ಇರಬಹುದು ಎಂದಿದ್ದರು. ಮುಖ, ಹೆಗಲು, ತೋಳಿನ ಸ್ನಾಯುಗಳು ಸೊರಗುವ ವಂಶವಾಹಿ ಕಾಯಿಲೆ ಇದು. ಆದರೆ ಮೊದಲು ಮಾಡಿಸಿದ್ದ ಎಕ್ಸೋಮ್ ಪರೀಕ್ಷೆಯಲ್ಲಿ (ಜೀನುಗಳ ಅಕ್ಷರಗಳನ್ನು ಓದಿ ತಪ್ಪು ಹುಡುಕುವ ಪರೀಕ್ಷೆ) ಏನೂ ಸಿಕ್ಕಿರಲಿಲ್ಲ. ಸಿಗುವುದೂ ಕಷ್ಟ. ಇದಕ್ಕೆ ಡಿಎನ್‌ಎ ತುಣುಕುಗಳನ್ನು ಎಣಿಸುವ ಬೇರೆ ಪರೀಕ್ಷೆಯೇ ಬೇಕು.

ಆ ಪರೀಕ್ಷೆಯಲ್ಲಿ ಮಗನಿಗೆ ಆರು ತುಣುಕು ಬಂತು. ತಾಯಿಗೂ ಆರು. ಆದರೆ ತಾಯಿ ಚೆನ್ನಾಗಿಯೇ ಓಡಾಡುತ್ತಾರೆ. ಮಲಗಿದಾಗ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಅಷ್ಟೇ.

"ಹಾಗಾದ್ರೆ ನನ್ನಿಂದಲೇ ಬಂತಾ ಮೇಡಂ?" ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಬ್ಬರಿಗೂ ನಿಧಾನವಾಗಿ ವಿವರಿಸಿದೆ. ಇಲ್ಲಿ ಯಾವ ಜೀನೂ ಕಳೆದುಹೋಗಿಲ್ಲ. ಡಿಯುಎಕ್ಸ್4 ಎಂಬ ಜೀನ್ ಭ್ರೂಣದ ಮೊದಲ ದಿನಗಳಲ್ಲಿ ಕೆಲಸ ಮಾಡುತ್ತದೆ, ಆಮೇಲೆ ಸ್ನಾಯುಗಳಲ್ಲಿ ಸುಮ್ನೆ ಇರಬೇಕು. 4ನೇ ಕ್ರೋಮೋಸೋಮಿನ ತುದಿಯಲ್ಲಿ ಒಂದೇ ಬಗೆಯ ತುಣುಕುಗಳು ಸಾಲಾಗಿರುತ್ತವೆ. ಸಾಮಾನ್ಯವಾಗಿ ಅವು 11ಕ್ಕಿಂತ ಕಡಿಮೆ ಇರುವುದಿಲ್ಲ. ಆ ಜೀನಿಗೆ ಅವೇ ಬೀಗ. 10 ಅಥವಾ ಅದಕ್ಕಿಂತ ಕಡಿಮೆಯಾದರೆ ಬೀಗ ಸಡಿಲ. ಜೊತೆಗೆ ಅದೇ ತುದಿಯಲ್ಲಿ ಇನ್ನೊಂದು ಬಗೆಯ ರಚನೆಯೂ ಇದ್ದರೆ ಮಾತ್ರ ಜೀನಿನ ಸಂದೇಶ ಉಳಿದು ಕಾಯಿಲೆಗೆ ದಾರಿಯಾಗುತ್ತದೆ. 2010ರಲ್ಲಿ ಇದು ಸ್ಪಷ್ಟವಾಯಿತು. ಆಗಲೂ ಜೀನ್ ಎಲ್ಲ ಕಡೆ ಎಚ್ಚರವಾಗುವುದಿಲ್ಲ. ಸ್ನಾಯುವಿನಲ್ಲಿ ಅಲ್ಲೊಂದು ಇಲ್ಲೊಂದು ಕೋಶಕೇಂದ್ರದಲ್ಲಿ ಎದ್ದು, ಬೇಡದ ನೂರಾರು ಜೀನುಗಳನ್ನು ಚಾಲೂ ಮಾಡುತ್ತದೆ. ಸ್ನಾಯು ಸೊರಗುವುದು ಅದರಿಂದ. ಎಷ್ಟು ಏಳುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದಕ್ಕೇ ಒಂದೇ ಆರು ತಾಯಿಯಲ್ಲಿ ಹಾಗೆ, ಮಗನಲ್ಲಿ ಹೀಗೆ.

"ಅಮ್ಮಾ, ಇದನ್ನು ನೀವು ಆರಿಸಿ ಕೊಟ್ಟಿದ್ದಲ್ಲ. ನಿಮಗೂ ಹೀಗೇ ಬಂದಿದ್ದು, ಅಲ್ವಾ?" ಎಂದೆ.

ಮಗನಿಗೆ ಭವಿಷ್ಯದ ಚಿಂತೆ. ಆಯಸ್ಸು ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ ಎಂದು ಹೇಳಿದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹದವಾದ ವ್ಯಾಯಾಮ ಬಿಡಬೇಡಿ, ಮೈ ಮುರಿಯುವಷ್ಟು ಭಾರ ಎತ್ತಬೇಡಿ. ಕಣ್ಣಿನ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಜಾಸ್ತಿ ಬೇಕಾಗುವ ಸಾಮಾನು ಸೊಂಟದ ಎತ್ತರಕ್ಕೆ ಬರಲಿ. ತಾಯಿ ರಾತ್ರಿ ಕಣ್ಣಿಗೆ ಮುಲಾಮು ಹಚ್ಚುವುದು ಒಳ್ಳೆಯದು, ಅದನ್ನು ಕಣ್ಣಿನ ಡಾಕ್ಟರ್ ಕೇಳಿಯೇ ಶುರುಮಾಡಿ.

ಮದುವೆಯ ಮಾತು ಬಂತು. ಪ್ರತಿ ಮಗುವಿಗೂ ಇದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹುಡುಗಿಗೆ ಮೊದಲೇ ಹೇಳಿ, ಬೇಕಾದರೆ ಇಬ್ಬರೂ ಬನ್ನಿ ಎಂದೆ.

15 ವರ್ಷದ ತಂಗಿಗೂ ಪರೀಕ್ಷೆ ಮಾಡಿಸೋಣ ಎಂದರು ತಾಯಿ. ನಾನು ಬೇಡ ಎಂದೆ. ಅವಳಿಗೆ ಯಾವ ತೊಂದರೆಯೂ ಇಲ್ಲ, ಈಗ ಗೊತ್ತಾದರೂ ಕೊಡುವ ಔಷಧಿಯೂ ಇಲ್ಲ. ದೊಡ್ಡವಳಾದ ಮೇಲೆ ಅವಳೇ ನಿರ್ಧರಿಸಲಿ.