ಚುನಾವಣೆ ಬಂತು, ಭಾನುವಾರದ ಹಾಡು ನಿಂತಿತು

ನಾನು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕುಟುಂಬಗಳಿಗೆ ಆಪ್ತಸಲಹೆ ಕೊಡುವ ಕೆಲಸದಲ್ಲಿದ್ದೇನೆ. ನನ್ನ ಬಳಿ ಬಂದ ಅಪ್ಪ, ಮಗಳು ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ರಾಜ್ಯ ಮತ್ತು ಕಾಲವನ್ನು ಮಾತ್ರ ಹಾಗೇ ಇಟ್ಟಿದ್ದೇನೆ. 2024ರ ಪೆನ್ಸಿಲ್ವೇನಿಯಾ ಬಿಟ್ಟರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಅಪ್ಪನನ್ನು ರಂಗನಾಥ್ ಎನ್ನೋಣ. ವಯಸ್ಸು 56. ದಾವಣಗೆರೆ ಕಡೆಯವರು. 1998ರಲ್ಲಿ ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿ ಬಂದು ಪಿಟ್ಸ್‌ಬರ್ಗ್ ಹತ್ತಿರ ನೆಲೆಸಿದವರು. ನನ್ನ ಬಳಿ ಬಂದದ್ದು 2024ರ ಸೆಪ್ಟೆಂಬರ್ ನಡುವಿನಲ್ಲಿ. ನಿದ್ದೆ ಬರುತ್ತಿಲ್ಲ, ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ಫೋನು ಹಿಡಿದು ಬೆಳಗಿನವರೆಗೆ ಸುದ್ದಿ. ರಕ್ತದೊತ್ತಡ ಏರಿತ್ತು. ಅವರ ಡಾಕ್ಟರೇ ನನ್ನ ಕಡೆ ಕಳಿಸಿದ್ದರು. ಮೊದಲ ಭೇಟಿ ಪೂರ್ತಿ ನಿದ್ದೆಯ ಮಾತೇ ಆಯಿತು. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ‘ಮಗಳು ಹಾಡು ಕಳಿಸೋದು ನಿಲ್ಲಿಸಿದ್ದಾಳೆ’ ಎಂದರು. ಅಸಲು ವಿಷಯ ಅದು.

ಮಗಳು ಮೇಘಾ, 24 ವರ್ಷ, ಫಿಲಡೆಲ್ಫಿಯಾದಲ್ಲಿ ಕೆಲಸ. ಕಾಲೇಜಿಗೆ ಮನೆ ಬಿಟ್ಟ ದಿನದಿಂದ ಅಪ್ಪ ಮಗಳ ನಡುವೆ ಒಂದು ರೂಢಿ ಇತ್ತು. ಪ್ರತಿ ಭಾನುವಾರ ಒಬ್ಬರು ಇನ್ನೊಬ್ಬರಿಗೆ ಒಂದು ಹಾಡು ಕಳಿಸಬೇಕು. ಒಂದು ವಾರ ಅಪ್ಪನ ಸರದಿ, ಮುಂದಿನ ವಾರ ಮಗಳದು. ಅಪ್ಪನಿಂದ ಪಿ.ಬಿ. ಶ್ರೀನಿವಾಸ್ ಹಾಡು, ಭಾವಗೀತೆ, ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ರೇಡಿಯೊ ಕೇಳಿ ಕಲಿತ ಕಂಟ್ರಿ ಸಂಗೀತ. ಮಗಳಿಂದ ಅಪ್ಪ ಹೆಸರೇ ಕೇಳದ ಹೊಸ ಹುಡುಗ ಹುಡುಗಿಯರ ಹಾಡು. ಬೇರೆ ವಿಷಯ ಮಾತಾಡಲು ಇಬ್ಬರಿಗೂ ಅಷ್ಟಾಗಿ ಬರುತ್ತಿರಲಿಲ್ಲ. ಅಪ್ಪ ಮಕ್ಕಳು ಹೇಗೆ ಮಾತಾಡುತ್ತಾರೆ ಎನ್ನುವುದು ನಮಗೆ ಗೊತ್ತಿರುವುದೇ ಅಲ್ವಾ? ಊಟ ಆಯ್ತಾ, ಕಾರಿನ ಆಯಿಲ್ ಬದಲಿಸಿದೆಯಾ. ಉಳಿದದ್ದನ್ನೆಲ್ಲ ಆ ಹಾಡುಗಳು ಹೊರುತ್ತಿದ್ದವು.

ರಂಗನಾಥ್ ಟ್ರಂಪ್ ಪರ. ಮೇಘಾ ಡೆಮಾಕ್ರಟಿಕ್ ಪಕ್ಷದ ಕಡೆ. ಇದು ಇಬ್ಬರಿಗೂ ಮೊದಲೇ ಗೊತ್ತಿತ್ತು, ಅದರ ಮೇಲೂ ಹಾಡು ನಡೆಯುತ್ತಿತ್ತು. ಹಾಗಾದರೆ 2024ರಲ್ಲಿ ಆದದ್ದೇನು? ಇಬ್ಬರ ಫೋನುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸಾಲು ಸ್ಪಷ್ಟವಾಯಿತು.

ಜುಲೈ 13, ಶನಿವಾರ. ಪಿಟ್ಸ್‌ಬರ್ಗ್‌ನ ಉತ್ತರಕ್ಕಿರುವ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು. ರಂಗನಾಥ್ ಕೆಲಸಕ್ಕೆ ಓಡಾಡುವ ಕಡೆ ಅದು. ಮರುದಿನ ಅವರ ಸರದಿ. ಹಾಡಿನ ಬದಲು ಉದ್ದದ ಬರಹ ಕಳಿಸಿದರು, ಕೊನೆಗೆ ‘ನಿಮ್ಮ ಪಕ್ಷ ಮಾಡಿದ್ದು ಇದು’ ಎಂಬ ಸಾಲು. ಮಗಳಿಂದ ಬಂದ ಉತ್ತರ ಬರೀ ‘ಓಕೆ’. ಮುಂದಿನ ಭಾನುವಾರ, ಜುಲೈ 21, ಬೈಡನ್ ಕಣದಿಂದ ಹಿಂದೆ ಸರಿದರು. ಆ ದಿನ ಇಬ್ಬರಿಗೂ ಹಾಡಿನ ನೆನಪಾಗಲಿಲ್ಲ. ಜುಲೈ 28ಕ್ಕೆ ಮೇಘಾ ಬಿಯಾನ್ಸೆಯ ‘ಫ್ರೀಡಂ’ ಕಳಿಸಿದಳು. ಬೈಡನ್ ಬದಲು ಕಣಕ್ಕಿಳಿದ ಕಮಲಾ ಹ್ಯಾರಿಸ್ ಪ್ರಚಾರಕ್ಕೆ ಆಗಷ್ಟೇ ಆರಿಸಿಕೊಂಡಿದ್ದ ಹಾಡು. ಜೊತೆಗೆ ಒಂದು ಸಾಲು: ‘ಇವರಮ್ಮ ಮದ್ರಾಸಿನವರು. ಈ ಸಲವಾದರೂ ಯೋಚಿಸಿ.’ ಆಗಸ್ಟ್ 4ಕ್ಕೆ ಅಪ್ಪನ ಉತ್ತರ ಲೀ ಗ್ರೀನ್‌ವುಡ್‌ರ ‘ಗಾಡ್ ಬ್ಲೆಸ್ ದಿ ಯುಎಸ್ಎ’. 1984ರ ಹಾಡು. ಟ್ರಂಪ್ ವೇದಿಕೆಗೆ ಬರುವಾಗ ಹಾಕುವುದು ಇದನ್ನೇ. ಅಪ್ಪನ ಸಾಲು: ‘ನನ್ನ ದೇಶ ಇದು.’

ಅಲ್ಲಿಂದ ಮುಂದೆ ಬಂದವೆಲ್ಲ ಇದೇ ತರಹದವು. ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದಲ್ಲೇ ಹ್ಯಾರಿಸ್‌–ಟ್ರಂಪ್ ಚರ್ಚೆ ನಡೆಯಿತು. ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಎಂದು ಟ್ರಂಪ್ ಹೇಳಿದ ರಾತ್ರಿ. ‘ಇವತ್ತು ಅವರ ಬಗ್ಗೆ, ನಾಳೆ ನಮ್ಮ ಬಗ್ಗೆ’ ಎಂದು ಮೇಘಾ ಬರೆದಳು. ಅಪ್ಪ ಯಾರೋ ಕಳಿಸಿದ್ದ ವಿಡಿಯೊ ಒಂದನ್ನು ಫಾರ್ವರ್ಡ್ ಮಾಡಿದರು. ‘ಇನ್ನು ಹಾಡು ಕಳಿಸಬೇಡಿ’ ಎಂದು ಆಕೆಯ ಕೊನೆಯ ಸಂದೇಶ.

ಆ ತಿಂಗಳುಗಳಲ್ಲಿ ಇಂಥ ಮನೆಗಳು ಬಹಳ ಇದ್ದವು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ 2024ರ ಸಮೀಕ್ಷೆಯಲ್ಲಿ ಶೇಕಡಾ 69ರಷ್ಟು ವಯಸ್ಕರು ಅಧ್ಯಕ್ಷೀಯ ಚುನಾವಣೆ ತಮಗೆ ದೊಡ್ಡ ಒತ್ತಡ ಎಂದಿದ್ದರು. 2016ರಲ್ಲಿ ಈ ಪ್ರಮಾಣ 52 ಇತ್ತು. ಪೆನ್ಸಿಲ್ವೇನಿಯಾದಲ್ಲಂತೂ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಅಧ್ಯಕ್ಷರನ್ನು ಆರಿಸುವ ಲೆಕ್ಕದಲ್ಲಿ 19 ಎಲೆಕ್ಟೋರಲ್ ಮತಗಳ ರಾಜ್ಯ, ಎರಡೂ ಕಡೆಯವರಿಗೆ ಬೇಕೇ ಬೇಕು. ಟಿವಿ ಹಾಕಿದರೆ ಜಾಹೀರಾತು, ಅಂಚೆಪೆಟ್ಟಿಗೆ ತೆರೆದರೆ ಕರಪತ್ರ, ಬಾಗಿಲು ತಟ್ಟಿದರೆ ಕಾರ್ಯಕರ್ತರು. ಮನೆಯ ಹೊರಗೆ ಇಷ್ಟು ಗದ್ದಲ ಇದ್ದಾಗ ಮನೆಯವರ ಸಾಧಾರಣ ಮಾತೂ ಪ್ರಚಾರದ ಹಾಗೆ ಕೇಳಿಸುತ್ತದೆ.

ಮೇಘಾ ವಿಡಿಯೊ ಮೂಲಕ ಸೇರಲು ಒಪ್ಪಿದಳು. ಆಕೆಯೂ ಪೆನ್ಸಿಲ್ವೇನಿಯಾದಲ್ಲೇ ಇದ್ದದ್ದು ಅನುಕೂಲವಾಯಿತು. ಇಲ್ಲಿ ನಮ್ಮ ಲೈಸೆನ್ಸ್ ರಾಜ್ಯದ ಲೆಕ್ಕದಲ್ಲಿರುತ್ತದೆ. ಎದುರಿನವರು ಬೇರೆ ರಾಜ್ಯದಲ್ಲಿ ಕೂತಿದ್ದರೆ, ಅಲ್ಲಿನ ಅನುಮತಿ ಇಲ್ಲದೆ ವಿಡಿಯೊದಲ್ಲೂ ಸಲಹೆ ಕೊಡುವಂತಿಲ್ಲ.

ಮತ ಯಾರಿಗೆ ಎಂಬುದರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ ಎಂದು ಮೊದಲೇ ಹೇಳಿದೆ. ಬದಲಿಗೆ ಆ ಎರಡು ಹಾಡುಗಳನ್ನು ತೆಗೆದುಕೊಂಡು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ. ಇದನ್ನು ಮೊದಲು ಕೇಳಿದ್ದು ಎಲ್ಲಿ?

ರಂಗನಾಥ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 2012ರಲ್ಲಿ, ಪೌರತ್ವದ ಪ್ರಮಾಣವಚನದ ದಿನ ಎಂದರು. ಆ ಸಮಾರಂಭಗಳಲ್ಲಿ ಈ ಹಾಡನ್ನು ಹಾಕುವುದುಂಟು. ಅವರು ಗ್ರೀನ್ ಕಾರ್ಡಿಗೆ ಒಂಬತ್ತು ವರ್ಷ ಕಾದಿದ್ದರು. ಆ ಮಧ್ಯೆ ದಾವಣಗೆರೆಯಲ್ಲಿ ತಾಯಿ ತೀರಿಕೊಂಡಾಗ ವೀಸಾ ಕಾಗದ ಸಿಕ್ಕಿಹಾಕಿಕೊಂಡು ಹೋಗಲಾಗಿರಲಿಲ್ಲ. ‘ಆ ಹಾಡು ಬಂದಾಗ ನನಗೆ ಅಮ್ಮನ ನೆನಪು ಬಂತು. ನೀನು ಪಕ್ಕದಲ್ಲೇ ಸಣ್ಣ ಬಾವುಟ ಹಿಡ್ಕೊಂಡು ನಿಂತಿದ್ದೆ’ ಎಂದು ಮಗಳಿಗೆ ಹೇಳಿದರು. ಮೇಘಾಗೆ ಬಾವುಟ ನೆನಪಿತ್ತು, ಹಾಡು ನೆನಪಿರಲಿಲ್ಲ. ಆಕೆಯ ಕಿವಿಗೆ ಅದು ರ‍್ಯಾಲಿಯ ಹಾಡು ಮಾತ್ರ.

ಮೇಘಾ ‘ಫ್ರೀಡಂ’ ಕೇಳಿದ್ದು 2020ರ ಬೇಸಿಗೆಯಲ್ಲಿ. ಕೋವಿಡ್‌ನಿಂದ ಕಾಲೇಜು ಮುಚ್ಚಿ ಅಪ್ಪನ ಮನೆಯಲ್ಲೇ ಇದ್ದಳು. ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಪಿಟ್ಸ್‌ಬರ್ಗ್‌ನಲ್ಲಿ ಮೆರವಣಿಗೆ ನಡೆದಾಗ, ಗೆಳತಿಯ ಮನೆಗೆ ಎಂದು ಹೇಳಿ ಹೋಗಿದ್ದಳು. ಅಲ್ಲಿ ಯಾರೋ ಸ್ಪೀಕರಿನಲ್ಲಿ ಹಾಕಿದ್ದರು. ನಾಲ್ಕು ವರ್ಷ ಆಕೆ ಇದನ್ನು ಅಪ್ಪನಿಗೆ ಹೇಳಿರಲಿಲ್ಲ.

ನನ್ನ ಅನುಭವದಲ್ಲಿ ಚುನಾವಣೆಯ ಕಾಲದ ಜಗಳಗಳಲ್ಲಿ ಜಾಸ್ತಿ ಪೆಟ್ಟು ಕೊಡುವುದು ಇದೇ. ಒಬ್ಬರು ತಮ್ಮ ಬದುಕಿನ ಒಂದು ದಿನವನ್ನು ಕಳಿಸುತ್ತಾರೆ. ಆದರೆ ಅದರ ಮೇಲೆ ವಾದದ ಒಂದು ಸಾಲು ಅಂಟಿಸಿರುತ್ತಾರೆ. ಇನ್ನೊಬ್ಬರಿಗೆ ಆ ಸಾಲು ಮಾತ್ರ ಕಾಣುತ್ತದೆ. ಹಾಡು ಕೇಳಿಸುವುದೇ ಇಲ್ಲ.

ಹಾಗಾಗಿ ಮೊದಲ ಸಲಹೆ: ಹಾಡಿನ ಜೊತೆ ಒಂದು ಅಕ್ಷರವೂ ಬೇಡ. ಪ್ರಚಾರದಲ್ಲಿ ಬಳಸುವ ಹಾಡು ಕಳಿಸಬಾರದು ಎಂದು ನಾನು ಹೇಳಲಿಲ್ಲ, ಬೇಕಾದರೆ ಕಳಿಸಲಿ. ಅದು ಬಂದಾಗ ಇನ್ನೊಬ್ಬರು ಪೂರ್ತಿ ಕೇಳಬೇಕು. ಆಮೇಲೆ ‘ಎಲ್ಲಿ ಕೇಳಿದ್ದು? ಆಗ ಜೊತೆಯಲ್ಲಿ ಯಾರಿದ್ದರು?’ ಎಂದು ಕೇಳಬಹುದು. ‘ಇದರ ಅರ್ಥ ಏನು?’ ಎಂದು ಕೇಳುವಂತಿಲ್ಲ.

ರಾಜಕೀಯ ಮಾತಾಡುವುದನ್ನು ನಿಲ್ಲಿಸಿ ಎಂದೂ ಹೇಳಲಿಲ್ಲ. ‘ಮನೆಯಲ್ಲಿ ರಾಜಕೀಯ ಬೇಡ’ ಎನ್ನುವ ಸಲಹೆ ಈಗ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಅದು ಜಗಳವನ್ನು ಮೇಜಿನ ಕೆಳಗೆ ತಳ್ಳುತ್ತದೆ ಅಷ್ಟೇ. ರಾಜಕೀಯಕ್ಕೆ ಬೇರೆ ದಿನ, ಬೇರೆ ಹೊತ್ತು ಕೊಟ್ಟೆ. ಬುಧವಾರ ಸಂಜೆ ಇಪ್ಪತ್ತು ನಿಮಿಷ. ಫೋನಿನಲ್ಲಿ ಮಾತಾಡಬೇಕು, ಬರೆಯಬಾರದು. ಒಬ್ಬರು ತಮ್ಮ ಅಭಿಪ್ರಾಯ ತಮ್ಮ ಬದುಕಿನ ಯಾವ ಅನುಭವದಿಂದ ಬಂತು ಎಂದು ಹೇಳಬೇಕು. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವರು ‘ಹೌದು, ನಾನು ಅಂದಿದ್ದು ಇದೇ’ ಎನ್ನುವವರೆಗೂ ಉತ್ತರ ಕೊಡುವಂತಿಲ್ಲ. ಕುಟುಂಬ ಚಿಕಿತ್ಸಕ ಬಿಲ್ ಡೊಹರ್ಟಿ ಅವರು ಬ್ರೇವರ್ ಏಂಜೆಲ್ಸ್ ಎಂಬ ಸಂಸ್ಥೆಗೆ ರೂಪಿಸಿದ ಶಿಬಿರಗಳ ಹಿಂದೆಯೂ ಇಂಥದ್ದೇ ಆಲೋಚನೆ ಇದೆ. 2016ರ ಚುನಾವಣೆ ಮುಗಿದ ಕೂಡಲೇ ಓಹಾಯೋದಲ್ಲಿ ಕೆಂಪು (ರಿಪಬ್ಲಿಕನ್), ನೀಲಿ (ಡೆಮಾಕ್ರಟಿಕ್) ಎರಡೂ ಕಡೆಯ ಮತದಾರರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಶುರು ಮಾಡಿದ ಕೆಲಸ ಅದು.

ಮಾತು ಹೇಗೆ ಶುರುವಾಗುತ್ತದೆ ಎನ್ನುವುದಕ್ಕೂ ತುಂಬ ಬೆಲೆ ಇದೆ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಇದನ್ನು ಒತ್ತಿ ಹೇಳುತ್ತಾರೆ. ಗಡುಸಾಗಿ ಶುರುವಾದ ಮಾತು ಸಾಮಾನ್ಯವಾಗಿ ಗಡುಸಾಗಿಯೇ ಮುಗಿಯುತ್ತದೆ. ಅಪ್ಪ ಮಗಳಿಗೂ ಇದು ಅನ್ವಯಿಸುತ್ತದೆ. ‘ನಿಮ್ಮ ಪಕ್ಷ’ ಎಂದು ಬಾಯಿ ತೆರೆದರೆ ಇಪ್ಪತ್ತು ನಿಮಿಷವೂ ಹೋದ ಹಾಗೆ. ‘ನನಗೆ ಭಯ ಆಗಿದ್ದು ಯಾಕಂದ್ರೆ’ ಎಂದು ಶುರು ಮಾಡಿ ಎಂದೆ. ಬಟ್ಲರ್‌ನ ಆ ರಾತ್ರಿ ರಂಗನಾಥ್‌ಗೆ ನಿಜವಾಗಿ ಆಗಿದ್ದೂ ಭಯವೇ.

ಎರಡನೇ ಬುಧವಾರ ಮಾತು ಬೇರೆ ಕಡೆ ತಿರುಗಿತು. ರಂಗನಾಥ್ ತಮ್ಮ ಕಾರಣ ಹೇಳಿದರು. 2022ರ ಜೂನ್‌ನಲ್ಲಿ ಹಣದುಬ್ಬರ ಶೇಕಡಾ 9.1ಕ್ಕೆ ಏರಿದಾಗ ಮನೆ ಖರ್ಚು ಕೈಮೀರಿದ್ದು, ತಮ್ಮ ಹಾಗೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಕಾದವರಿಗೆ ಬೆಲೆಯೇ ಇಲ್ಲ ಎನ್ನಿಸಿದ್ದು. ಮೇಘಾ ಅದನ್ನು ಸರಿಯಾಗಿ ತಿರುಗಿ ಹೇಳಿದಳು. ಆಮೇಲೆ ತನ್ನದು ಹೇಳಿದಳು. ಕಂಪನಿ ಆಕೆಗೆ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ದೊಡ್ಡ ಹುದ್ದೆ ಕೊಡಲು ತಯಾರಿತ್ತು. ಅಲ್ಲಿ ಚಿಕ್ಕಪ್ಪನ ಮನೆ ಇದೆ, ಕನ್ನಡದವರು ಬೇಕಾದಷ್ಟಿದ್ದಾರೆ, ಹೋಗು ಎಂದು ಅಪ್ಪ ತಿಂಗಳುಗಟ್ಟಲೆ ಹೇಳುತ್ತಿದ್ದರು. ಆಕೆ ಏನೇನೋ ನೆಪ ಹೇಳುತ್ತಿದ್ದಳು. ನಿಜವಾದ ಕಾರಣ: 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದ ಮೇಲೆ ಟೆಕ್ಸಸ್‌ನಲ್ಲಿ ಅದಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ ಬಂದಿದೆ. ‘ನಾಳೆ ಮದುವೆಯಾಗಿ ಬಸುರಿನಲ್ಲಿ ಏನಾದರೂ ತೊಂದರೆಯಾದರೆ, ಡಾಕ್ಟರು ಲಾಯರಿಗೆ ಫೋನ್ ಮಾಡೋ ಊರಿಗೆ ನಾನು ಹೋಗಲ್ಲ ಅಪ್ಪ’ ಎಂದಳು.

ರಂಗನಾಥ್ ಬಾಯಲ್ಲಿ ಬಂದ ಮೊದಲ ಮಾತು, ‘ಅದಕ್ಕೂ ಟ್ರಂಪ್‌ಗೂ ಏನು ಸಂಬಂಧ, ರಾಜ್ಯದ ಕಾನೂನು ಅದು.’ ಅಲ್ಲಿ ತಡೆದೆ. ವಾದದಲ್ಲಿ ಅವರ ಮಾತಿಗೂ ಜಾಗ ಇರಬಹುದು. ಆದರೆ ಆ ಹೊತ್ತಿನಲ್ಲಿ ಮಗಳು ತನ್ನ ದೇಹದ ಬಗ್ಗೆ, ತನ್ನ ಜೀವದ ಬಗ್ಗೆ ಹೇಳುತ್ತಿದ್ದಳು. ‘ಇವೆಲ್ಲ ಬರೀ ರಾಜಕೀಯ, ಸಂಬಂಧ ದೊಡ್ಡದು’ ಎನ್ನುವ ಮಾತು ಇಂಥ ಕಡೆ ಸಲ್ಲುವುದಿಲ್ಲ. ಕೆಲವು ಅಭಿಪ್ರಾಯಗಳ ಭಾರ ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲ. ಅಪ್ಪನಿಗೆ ಅದು ಒಂದು ಮತ. ಮಗಳಿಗೆ ಅದು ಯಾವ ಊರಲ್ಲಿ ಬದುಕಬಹುದು ಎಂಬ ಪ್ರಶ್ನೆ. ಇದನ್ನು ರಂಗನಾಥ್‌ಗೆ ನೇರವಾಗಿ ಹೇಳಿದೆ. ಮತ ಬದಲಿಸಬೇಕಾಗಿಲ್ಲ, ಆದರೆ ಈ ಒಂದು ವಿಷಯಕ್ಕೆ ಬೆಲೆಯೇರಿಕೆಯ ಉತ್ತರ ಕೊಡಬೇಡಿ, ಸುಮ್ನೆ ಕೇಳಿ ಎಂದೆ.

ಮೇಘಾಗೂ ಒಂದು ಮಾತು ಹೇಳಬೇಕಿತ್ತು. ಅಪ್ಪ ಕೆಟ್ಟವರಾಗಿಬಿಟ್ಟಿದ್ದಾರೆ ಎಂದು ಆಕೆ ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದಳು. ಅಪ್ಪನಿಗೆ ಅದು ಗೊತ್ತಾಗಿತ್ತು. ರಾತ್ರಿ ಎರಡಕ್ಕೆ ಎಬ್ಬಿಸುತ್ತಿದ್ದದ್ದು ಚುನಾವಣೆಗಿಂತ ಆ ತೀರ್ಪು. ‘ಅವರ ಮತ ನಿನಗೆ ನೋವು ಕೊಟ್ಟಿದೆ ಎಂದು ಹೇಳು. ಅವರು ಯಾರು ಎಂದು ನೀನು ಹೇಳಬೇಡ’ ಎಂದೆ.

ನಿದ್ದೆಗೆ ಮಾಮೂಲಿ ಸಲಹೆಗಳೇ. ಒಂಬತ್ತರ ಮೇಲೆ ಸುದ್ದಿ ಇಲ್ಲ, ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ, ಮಾತ್ರೆ ಡಾಕ್ಟರು ಹೇಳಿದಷ್ಟು.

ಫಲಿತಾಂಶದ ದಿನಕ್ಕೆ ಮೊದಲೇ ಒಪ್ಪಂದ ಮಾಡಿಸಿದೆ. ನವೆಂಬರ್ 5ರ ರಾತ್ರಿ ಸಂದೇಶ ಬೇಡ. ಯಾರ ಕಡೆ ಗೆದ್ದರೂ ಅವರು ಮೊದಲು ಮಾತಾಡುವಂತಿಲ್ಲ, ಸೋತ ಕಡೆಯವರು ಮೊದಲು ಕರೆಯಲಿ. ಮರುದಿನ ಟ್ರಂಪ್ ಗೆದ್ದದ್ದು ಗೊತ್ತಾಯಿತು, ಪೆನ್ಸಿಲ್ವೇನಿಯಾವೂ ಅವರಿಗೇ ಹೋಗಿತ್ತು. ಮೇಘಾ ಕರೆಯಲಿಲ್ಲ. ಎರಡು ಭಾನುವಾರ ಹೋದವು. ಹಳೆಯ ಹಾಡೊಂದನ್ನು ಕಳಿಸಿ ಸರಿಮಾಡಲಾ ಎಂದು ರಂಗನಾಥ್ ಕೇಳಿದರು. ಬೇಡ ಎಂದೆ. ಆಕೆಯ ದುಃಖ ಇನ್ನೂ ಹಸಿಯಾಗಿರುವಾಗ ಹಾಡು ಕಳಿಸಿದರೆ, ಅದು ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ. ಕಾಯುವುದು ಅವರಿಗೆ ಕಷ್ಟವಾಯಿತು. ಆದರೂ ಕಾದರು. ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರ್ ಕೊನೆಯ ಹಬ್ಬ) ಮೇಘಾ ಊರಿಗೆ ಬರಲಿಲ್ಲ, ಫೋನ್ ಮಾಡಿದಳು. ಆ ದಿನ ಆಕೆ ಅತ್ತದ್ದನ್ನು ಅಪ್ಪ ಅಡ್ಡ ಬಾರದೆ ಕೇಳಿದರಂತೆ.

ಡಲ್ಲಾಸ್ ಹುದ್ದೆಯನ್ನು ಮೇಘಾ ಬೇಡ ಎಂದಳು. ಅಪ್ಪ ಒಪ್ಪಲಿಲ್ಲ, ಆದರೆ ಒತ್ತಾಯ ನಿಲ್ಲಿಸಿದರು. ಭಾನುವಾರದ ಹಾಡು ಜನವರಿಯಲ್ಲಿ ಮತ್ತೆ ಶುರುವಾಯಿತು. ಬುಧವಾರದ ಮಾತು ಈಗ ತಿಂಗಳಿಗೊಮ್ಮೆ. ವಲಸೆಯ ವಿಷಯ ಬಂದಾಗ ಈಗಲೂ ದನಿ ಏರುತ್ತದೆ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸುತ್ತಾರೆ. ಇಷ್ಟು ಹೊತ್ತು ‘ನಿಮ್ಮಪ್ಪ ಹೀಗಂದ್ರು, ನಿಮ್ಮ ಮಗಳು ಹಾಗಂದಳು’ ಎಂದು ಇಬ್ಬರ ಮಾತನ್ನೂ ಹೊತ್ತು ತಿರುಗಿದವರು ಮೇಘಾಳ ಅಮ್ಮ. ಆ ಕೆಲಸ ಬಿಡಿ ಎಂದು ಅವರಿಗೆ ಹೇಳಿದ್ದೇನೆ. ಅವರ ಮತ ಯಾರಿಗೆ ಎಂದು ಮನೆಯಲ್ಲಿ ಇಬ್ಬರೂ ಇದುವರೆಗೆ ಕೇಳಿಲ್ಲವಂತೆ. ಮುಂದಿನ ವಾರ ಅವರು ಒಬ್ಬರೇ ಬರುತ್ತಿದ್ದಾರೆ.